ಕಿಲ್ಲಾ ಓಣಿಯ ಟ್ರಂಕು: ಸೋಗಿನ ಫೋಟೋಗಳ ಐದು ತಿಂಗಳ ದುರಸ್ತಿ

ಹಳೆಯ ಬಾಗಲಕೋಟೆಯ ಕಿಲ್ಲಾ ಓಣಿಯಲ್ಲಿರುವ ನಮ್ಮ ಸೋದರತ್ತೆಯ ಮನೆಯನ್ನು 2025ರಲ್ಲಿ ಖಾಲಿ ಮಾಡಿ ನವನಗರಕ್ಕೆ ಸಾಗಿಸಬೇಕಾಯಿತು. ಅಟ್ಟದ ಮೇಲಿದ್ದ ಕಬ್ಬಿಣದ ಟ್ರಂಕಿನಲ್ಲಿ ಮಾವನವರ ತಂದೆ ಕೂಡಿಟ್ಟಿದ್ದ ಫೋಟೋಗಳಿವೆ ಎಂಬುದು ಮನೆಯವರಿಗೆಲ್ಲ ಗೊತ್ತಿತ್ತು, ಆದರೆ ಅದನ್ನು ತೆಗೆದು ನೋಡಿದವರು ಯಾರೂ ಇರಲಿಲ್ಲ. ತೆಗೆದಾಗ ಸಿಕ್ಕಿದ್ದು ಬಹುಪಾಲು ಹೋಳಿ ಹುಣ್ಣಿಮೆಯ ಸೋಗುಗಳು: ವೇಷ ತೊಟ್ಟವರು, ಮುಖವಾಡ ಕಟ್ಟಿಕೊಂಡವರು, ಹಲಗಿ (ಕೋಲಿನಿಂದ ಬಾರಿಸುವ ಚರ್ಮವಾದ್ಯ) ಮೇಳದವರು, ಸೋಗಿನ ಬಂಡಿಯ ಮೇಲೆ ದೇವರಾಗಿ ನಿಂತವರು. ಕಿಲ್ಲಾ, ಹೊಸಪೇಟೆ, ಹಳಪೇಟೆ, ಜೈನಪೇಟೆ, ವೆಂಕಟಪೇಟೆ ಎಂಬ ಐದು ಓಣಿಗಳ ಹೋಳಿಯನ್ನು ಕಂಡವರಿಗೆ ಈ ಚಿತ್ರಗಳು ಏನೆಂದು ವಿವರಿಸಬೇಕಾಗಿಲ್ಲ. ನಾನು ಹೈಸ್ಕೂಲಿನಲ್ಲಿ ಚಿತ್ರಕಲಾ ಶಿಕ್ಷಕ. ಡಾರ್ಕ್‌ರೂಮಿನ ಕೆಲಸವನ್ನು ಹುಡುಗನಾಗಿದ್ದಾಗ ತಂದೆಯ ಹತ್ತಿರ ಸ್ವಲ್ಪ ಕಲಿತಿದ್ದೆ. ಅಷ್ಟೇ ಬಂಡವಾಳದಲ್ಲಿ ಫೆಬ್ರವರಿಯಿಂದ ಜೂನ್‌ವರೆಗೆ ಮಾಡಿದ ಕೆಲಸವನ್ನು, ಕೆಡಿಸಿದ್ದನ್ನೂ ಸೇರಿಸಿ, ಇಲ್ಲಿ ಬರೆದಿದ್ದೇನೆ. ಇಂಥ ಟ್ರಂಕು ನಮ್ಮ ಕಡೆ ಇನ್ನೂ ಎಷ್ಟೋ ಅಟ್ಟಗಳ ಮೇಲೆ ಇದ್ದೇ ಇರುತ್ತದೆ, ಅದನ್ನು ತೆಗೆಯುವವರು ನಾನು ಮಾಡಿದ ತಪ್ಪುಗಳನ್ನು ಮಾಡಬಾರದು.

ಹಂತ 1. ಫೆಬ್ರವರಿ 16, 2025, ಭಾನುವಾರ: ಟ್ರಂಕು ತೆಗೆದದ್ದು

ಒಟ್ಟು ಒಂಬತ್ತು ಗಾಜಿನ ನೆಗೆಟಿವ್‌ಗಳು, ಮೂವತ್ತೊಂದು ಬಿಡಿ ಪ್ರಿಂಟುಗಳು, ಕಟ್ಟು ಹಾಕಿಸಿದ ಒಂದು ದೊಡ್ಡ ಪ್ರಿಂಟು. ಗಾಜುಗಳೆಲ್ಲ ಹಾಫ್ ಪ್ಲೇಟ್ ಅಳತೆಯವು, ಎಂದರೆ ಆರೂವರೆ ಇಂಚು ಉದ್ದ, ನಾಲ್ಕು ಮುಕ್ಕಾಲು ಇಂಚು ಅಗಲ. ನಾಲ್ಕನೆಯ ಗಾಜು ನಡುವೆ ಎರಡು ಹೋಳಾಗಿತ್ತು. ಬಿಡಿ ಪ್ರಿಂಟುಗಳಲ್ಲಿ ಹದಿನಾಲ್ಕು 6×6 ಸೆಂ.ಮೀ. ಚೌಕದವು, 120 ರೋಲಿಗೆ ಹನ್ನೆರಡು ಚಿತ್ರ ತೆಗೆಯುತ್ತಿದ್ದ ಆಗ್ಫಾ ಕ್ಲಿಕ್ 3ರಂಥ ಕ್ಯಾಮೆರಾದ ಕಾಂಟ್ಯಾಕ್ಟ್ ಪ್ರಿಂಟುಗಳು, ಎಂದರೆ ನೆಗೆಟಿವ್‌ನ ಅಳತೆಯಲ್ಲೇ ತೆಗೆದವು. ಒಂದು ಪ್ರಿಂಟಿಗೆ ಕೈಯಿಂದ ಬಣ್ಣ ಹಾಕಿದ್ದರು. ಆರು ಪ್ರಿಂಟುಗಳು ತೇವಕ್ಕೆ ಸಿಕ್ಕಿ, ಮೂರು ಮೂರರಂತೆ ಎರಡು ಹಲಗೆಗಳಾಗಿ ಅಂಟಿಕೊಂಡಿದ್ದವು. ಆಲಮಟ್ಟಿಯ ಹಿನ್ನೀರು ತುಂಬಿದ ದಿನಗಳಲ್ಲಿ ಆ ಮನೆಯ ಗೋಡೆಗಳಿಗೆ ಏರುವ ತೇವವನ್ನು ನೋಡಿದವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ.

ಮೊದಲ ತಪ್ಪು ಮೊದಲ ತಾಸಿನಲ್ಲೇ ಆಯಿತು. ಪ್ರತಿ ಗಾಜನ್ನೂ ಹಳೆಯ ಕನ್ನಡ ದಿನಪತ್ರಿಕೆಯ ಹಾಳೆಯಲ್ಲಿ ಸುತ್ತಿಟ್ಟಿದ್ದರು. ಹಾಳೆಗಳು ಕೈಗೆ ತಗುಲಿದರೆ ಪುಡಿಯಾಗುತ್ತಿದ್ದವು, ಅವುಗಳ ತುಂಬ ಬೆಳ್ಳಿಹುಳು ಓಡಾಡಿದ ಗುರುತುಗಳಿದ್ದವು. ಗಾಜುಗಳನ್ನು ಒಂದೊಂದಾಗಿ ಬಿಚ್ಚಿ ಮೇಜಿನ ಮೇಲೆ ಸಾಲಾಗಿ ಇಟ್ಟು, ಕಸವೆಂದು ತಿಳಿದು ಎಂಟು ಹಾಳೆಗಳನ್ನು ಹಿತ್ತಲಿನ ಹಂಡೆಯ ಒಲೆಗೆ ಹಾಕಿದೆ. ಒಂಬತ್ತನೆಯದನ್ನು ಬಿಚ್ಚುವಾಗ ಹಾಳೆಯ ಮೂಲೆಯಲ್ಲಿ ತಾರೀಖಿನ ಸಾಲು ಕಣ್ಣಿಗೆ ಬಿತ್ತು. ಯಾವ ಗಾಜು ಯಾವ ಹಾಳೆಯಲ್ಲಿತ್ತು ಎಂದು ಬರೆದಿಟ್ಟಿದ್ದರೆ, ಆ ಗಾಜನ್ನು ಯಾವಾಗ ಸುತ್ತಿಟ್ಟರು ಎಂಬ ಒಂದು ಆಧಾರವಾದರೂ ಉಳಿಯುತ್ತಿತ್ತು. ಎಂಟು ಆಧಾರಗಳು ನನ್ನ ಕೈಯಿಂದಲೇ ಸುಟ್ಟುಹೋದವು, ಆ ಸಂಕಟ ಇನ್ನೂ ಹೋಗಿಲ್ಲ. ಟ್ರಂಕು ತೆಗೆಯುವವರು ಸುತ್ತಿದ ಹಾಳೆ, ಕಟ್ಟಿದ ದಾರ, ಹರಿದ ಲಕೋಟೆ ಯಾವುದನ್ನೂ ಬಿಸಾಡಬಾರದು. ಮುಚ್ಚಳ ತೆಗೆದ ಕೂಡಲೇ, ಒಳಗಿನದನ್ನು ಮುಟ್ಟುವ ಮುನ್ನ, ಇದ್ದದ್ದು ಇದ್ದಂತೆಯೇ ಮೊಬೈಲಿನಲ್ಲಿ ಫೋಟೋ ತೆಗೆಯಬೇಕು.

ಅನಂತರ ಎಚ್ಚರದಿಂದ ಪಟ್ಟಿ ಮಾಡಿದೆ. ಪ್ರಿಂಟುಗಳ ಬೆನ್ನಿಗೆ ಮೂಲೆಯಲ್ಲಿ 2ಬಿ ಪೆನ್ಸಿಲಿನಿಂದ, ಗಟ್ಟಿಯಾಗಿ ಒತ್ತದೆ, ಅಂಕಿ ಬರೆದೆ. ಪೆನ್ನಿನ ಮಸಿ ಮುಂದಿನ ಬದಿಗೆ ಇಳಿಯುತ್ತದೆ. ಗಾಜುಗಳಿಗೆ ಏನನ್ನೂ ಅಂಟಿಸದೆ, ಪ್ರತಿಯೊಂದರ ಕೆಳಗೆ ಅಂಕಿ ಬರೆದ ಕಾಗದ ಇಟ್ಟೆ. ಐದು ಪ್ರಿಂಟುಗಳ ಹಿಂದೆ ಸ್ಟುಡಿಯೋದ ರಬ್ಬರ್ ಮೊಹರು ಇದ್ದು, ಅದರಲ್ಲಿ ‘ಬಾಗಲಕೋಟ, ಜಿಲ್ಲಾ ವಿಜಾಪುರ’ ಎಂದಿತ್ತು. ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ, ಹಾಗಾಗಿ ಈ ಐದೂ ಅದಕ್ಕಿಂತ ಹಿಂದಿನವು ಎಂಬಷ್ಟು ಮೊಹರಿನಿಂದಲೇ ತಿಳಿಯಿತು.

ಹಂತ 2. ಫೆಬ್ರವರಿ 23: ನಕಲು ತೆಗೆಯುವ ಸ್ಟ್ಯಾಂಡು

ಒರೆಸುವುದಕ್ಕಿಂತ ಮುಂಚೆ ನಕಲು ತೆಗೆಯಬೇಕು ಎಂಬ ಒಂದು ನಿಯಮವನ್ನು ಮಾತ್ರ ನಾನು ಮೊದಲಿನಿಂದ ಕೊನೆಯವರೆಗೆ ಪಾಲಿಸಿದೆ, ಮುಂದೆ ನನ್ನನ್ನು ಎರಡು ಸಲ ಕಾಪಾಡಿದ್ದೂ ಅದೇ. ಅಂಗಡಿಯಲ್ಲಿ ಸಿಗುವ ಕಾಪಿ ಸ್ಟ್ಯಾಂಡು ನನ್ನ ಕೈಗೆ ಎಟುಕುವಂಥದ್ದಲ್ಲವಾದ್ದರಿಂದ ಮನೆಯಲ್ಲೇ ಮಾಡಿಕೊಂಡೆ. 60×45 ಸೆಂ.ಮೀ. ಅಳತೆಯ ಹಳೆಯ ಸಾಗವಾನಿ ಹಲಗೆ, ಅದಕ್ಕೆ ಫ್ಲ್ಯಾಂಜು ಜಡಿದು ನಿಲ್ಲಿಸಿದ 90 ಸೆಂ.ಮೀ. ಉದ್ದದ ಮುಕ್ಕಾಲು ಇಂಚಿನ ಜಿಐ ಪೈಪು, ಕ್ಯಾಮೆರಾ ಹಿಡಿಯಲು ಒಂದು ಅಡ್ಡ ಕ್ಲಾಂಪು. ಹಲಗೆ ಮನೆಯದು, ಉಳಿದದ್ದಕ್ಕೆ 640 ರೂಪಾಯಿ. ಎರಡೂ ಪಕ್ಕಕ್ಕೆ 45 ಡಿಗ್ರಿಯಲ್ಲಿ ಎರಡು ಎಲ್‌ಇಡಿ ಬಲ್ಬುಗಳು, ಹೋಲ್ಡರು ವೈರು ಸೇರಿ 380. 24 ಮೆಗಾಪಿಕ್ಸೆಲ್ ಕ್ಯಾಮೆರಾ ಮತ್ತು ಮ್ಯಾಕ್ರೋ ಲೆನ್ಸು ಮೊದಲೇ ನನ್ನ ಬಳಿ ಇದ್ದವು.

ಕ್ಯಾಮೆರಾ ಹಲಗೆಗೆ ಸಮಾನಾಂತರವಾಗಿದೆಯೇ ಎಂದು ನೋಡಲು ಸ್ಪಿರಿಟ್ ಲೆವೆಲ್ ಬೇಕಾಗಲಿಲ್ಲ. ಹಲಗೆಯ ನಡುವೆ ಒಂದು ಚಿಕ್ಕ ಕನ್ನಡಿ ಮಲಗಿಸಿ ವ್ಯೂಫೈಂಡರಿನಲ್ಲಿ ನೋಡಬೇಕು. ಲೆನ್ಸಿನ ಪ್ರತಿಬಿಂಬ ಚೌಕಟ್ಟಿನ ನಟ್ಟನಡುವೆ ಕಂಡರೆ ಎಲ್ಲವೂ ಸರಿಯಾಗಿದೆ, ಪಕ್ಕಕ್ಕೆ ಸರಿದಿದ್ದರೆ ಕ್ಯಾಮೆರಾ ವಾಲಿದೆ ಎಂದರ್ಥ. ಕ್ಲಾಂಪಿನ ಸಂದಿಗೆ ಎರಡು ಪದರ ಪೋಸ್ಟ್‌ಕಾರ್ಡ್ ಚೂರು ಸೇರಿಸಿದ ಮೇಲೆ ಅದು ನಡುವಿಗೆ ಬಂತು.

ಮೊದಲ ದಿನದ ಹನ್ನೆರಡು ನಕಲುಗಳೂ ಉಪಯೋಗಕ್ಕೆ ಬರಲಿಲ್ಲ. ಹಳೆಯ ಜೆಲಾಟಿನ್ ಪ್ರಿಂಟಿನ ಕಪ್ಪು ಭಾಗಗಳಲ್ಲಿ ಬೆಳ್ಳಿ ಮೇಲಕ್ಕೆ ಬಂದು, ಅಂಚಿನುದ್ದಕ್ಕೂ ನೀಲಿ ಛಾಯೆಯ ಕನ್ನಡಿಯಂತೆ ಹೊಳೆಯುತ್ತದೆ. ದೀಪವನ್ನು ಯಾವ ಕೋನಕ್ಕೆ ತಿರುಗಿಸಿದರೂ ಆ ಹೊಳಪು ಹೋಗಲಿಲ್ಲ. ಕೊನೆಗೆ ಎರಡೂ ದೀಪಗಳ ಮುಂದೆ, ಬೆಳಕನ್ನು ಒಂದೇ ದಿಕ್ಕಿನ ಕಂಪನಕ್ಕೆ ಸೋಸುವ ಪೋಲರೈಸಿಂಗ್ ಹಾಳೆಗಳನ್ನು ಒಂದೇ ದಿಕ್ಕಿಗೆ ಕಟ್ಟಿ, ಲೆನ್ಸಿಗೆ ಪೋಲರೈಸರ್ ಫಿಲ್ಟರ್ ಹಾಕಿ, ಹೊಳಪು ಮಾಯವಾಗುವವರೆಗೆ ಅದನ್ನು ತಿರುಗಿಸಿದೆ. ಹಾಳೆಗೆ 900, ಫಿಲ್ಟರಿಗೆ 1,450 ರೂಪಾಯಿ. ಇಡೀ ಕೆಲಸದಲ್ಲಿ ಅತಿ ಹೆಚ್ಚು ಖರ್ಚಾದದ್ದು ಇಲ್ಲಿ, ಅತಿ ಹೆಚ್ಚು ಫಲ ಕೊಟ್ಟದ್ದೂ ಇದೇ. ಬೆಳಕು ಬಹಳ ಕಡಿಮೆಯಾಗುವುದರಿಂದ ಸೆಕೆಂಡಿನ ಹದಿನೈದನೇ ಒಂದು ಭಾಗ ಸಾಕಾಗುತ್ತಿದ್ದಲ್ಲಿ ಅರ್ಧ ಸೆಕೆಂಡು ಬೇಕಾಯಿತು. ಕ್ಯಾಮೆರಾದ ಸೆಟ್ಟಿಂಗು ಎಫ್ 8, ಐಎಸ್ಒ 100, ಎರಡು ಸೆಕೆಂಡಿನ ಟೈಮರು. ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರು ಹೋಗುವಾಗ ಮೇಜು ನಡುಗುತ್ತಿದ್ದುದರಿಂದ ರಾತ್ರಿ ಹತ್ತರ ಮೇಲೆ ಕೆಲಸ ಮಾಡಿದೆ.

ಹಂತ 3. ಮಾರ್ಚ್ 2 ರಿಂದ 9: ಗಾಜಿನ ಪ್ಲೇಟುಗಳು

ಗಾಜುಗಳಿಗೆ ಬೆಳಕು ಕೆಳಗಿನಿಂದ ಬರಬೇಕು. ಛಾವಣಿಗೆ ಹಾಕುವ 12 ವ್ಯಾಟಿನ ಎಲ್‌ಇಡಿ ಪ್ಯಾನೆಲ್ 420 ರೂಪಾಯಿಗೆ, 3 ಮಿ.ಮೀ. ದಪ್ಪದ ಹಾಲುಬಿಳುಪಿನ ಅಕ್ರಿಲಿಕ್ ಹಾಳೆ 350ಕ್ಕೆ ಸಿಕ್ಕಿತು. ಅಕ್ರಿಲಿಕ್ಕಿನ ಮೇಲೆ ನೇರವಾಗಿ ಗಾಜು ಇಟ್ಟರೆ ಅದರ ಮೇಲಿನ ಧೂಳು, ಗೀರುಗಳೂ ಚಿತ್ರದಲ್ಲಿ ಮೂಡುತ್ತವೆ. ನಾಲ್ಕು ಮೂಲೆಗೆ ಮರದ ತುಂಡು ಕೊಟ್ಟು 5 ಸೆಂ.ಮೀ. ಎತ್ತರದಲ್ಲಿ ಗಾಜನ್ನು ಕೂರಿಸಿದೆ, ಸುತ್ತ ಕಪ್ಪು ಕಾರ್ಡಿನ ಚೌಕಟ್ಟು ಹಾಕಿ ಹೊರಗಿನ ಬೆಳಕು ನುಗ್ಗದಂತೆ ಮಾಡಿದೆ. ವೇಗದ ಶಟರಿನಲ್ಲಿ ಪ್ಯಾನೆಲ್ಲಿನ ಮಿನುಗು ಪಟ್ಟೆ ಪಟ್ಟೆಯಾಗಿ ಬಂದಿತು, ಹದಿನೈದನೇ ಒಂದು ಸೆಕೆಂಡಿಗೆ ಇಳಿಸಿದ ಮೇಲೆ ಹೋಯಿತು. ಅಂಚು ಬಿಟ್ಟು ಇಂಚಿಗೆ ಸುಮಾರು 800 ಬಿಂದುಗಳಷ್ಟು ವಿವರ ಸಿಕ್ಕಿತು, ಇದು ನನಗೆ ಸಾಕು.

ನಕಲು ಮುಗಿದ ಮೇಲೆ ಶುಚಿ ಮಾಡುವ ಕೆಲಸ. ಗಾಜಿನ ಹೊಳೆಯುವ ಬದಿಯನ್ನು ಡಿಸ್ಟಿಲ್ಡ್ ನೀರಿನಲ್ಲಿ ಅದ್ದಿ ಹಿಂಡಿದ ಹತ್ತಿಯಿಂದ ಒರೆಸಿದೆ. ಮಂಕಾಗಿ ಕಾಣುವ ಎಮಲ್ಷನ್ (ಚಿತ್ರ ಮೂಡಿರುವ ಜೆಲಾಟಿನ್ ಪದರ) ಬದಿಗೆ ನೀರು ಸೋಂಕಿಸಲಿಲ್ಲ, ರಬ್ಬರ್ ಬ್ಲೋವರಿನಿಂದ ಗಾಳಿ ಊದಿ, ಅಳಿಲಿನ ಕೂದಲಿನಂಥ ಮೆತ್ತನೆಯ ಕುಂಚ ಆಡಿಸಿದೆ, ಅಷ್ಟೇ. ಒಡೆದ ನಾಲ್ಕನೆಯ ಗಾಜಿಗೆ ಅಂಟು ಹಚ್ಚಲಿಲ್ಲ. ಎರಡು ಹೋಳುಗಳನ್ನು ಬೆಳಕಿನ ಮೇಲೆ ಒಂದಕ್ಕೊಂದು ತಾಗದಂತೆ ಕೂದಲೆಳೆಯ ಅಂತರದಲ್ಲಿ ಇಟ್ಟು ನಕಲು ತೆಗೆದೆ. ಒತ್ತಿ ಜೋಡಿಸಿದರೆ ಎಮಲ್ಷನ್ನಿನ ತುದಿ ಉದುರುತ್ತದೆ.

ಎರಡನೆಯ ತಪ್ಪು ಇಲ್ಲಿ ಆಯಿತು. ಎಮಲ್ಷನ್ ಬದಿಯನ್ನು ಲೆನ್ಸಿನ ಕಡೆಗೆ ಇಟ್ಟು ತೆಗೆದರೆ ಚಿತ್ರ ಸ್ಪಷ್ಟವಾಗಿ ಬರುತ್ತದೆ, ಆದರೆ ಎಡಬಲ ಅದಲುಬದಲಾಗುತ್ತದೆ, ಕಂಪ್ಯೂಟರಿನಲ್ಲಿ ಅದನ್ನು ತಿರುಗಿಸಬೇಕು. ಮೂರು ಗಾಜುಗಳಲ್ಲಿ ಇದನ್ನು ಮರೆತೆ. ಸಂದೇಹ ಬಂದಾಗ ಹೆಣ್ಣುವೇಷದವರ ಸೆರಗು ನೋಡಿ ತೀರ್ಮಾನಿಸಲು ಹೋಗಿ ಮತ್ತಷ್ಟು ಗೊಂದಲಕ್ಕೆ ಬಿದ್ದೆ. ಎಡ ಹೆಗಲ ಮೇಲೆ ಸೆರಗು ಇದ್ದದ್ದು ಸರಿ ಎಂದು ನನ್ನ ಲೆಕ್ಕವಾಗಿತ್ತು, ಆದರೆ ನಮ್ಮ ಕಡೆಯ ಹಳೆಯ ರೂಢಿ ಬಲ ಸೆರಗಿನದು. ನಮ್ಮ ಅಜ್ಜಿ ಕೊನೆಯವರೆಗೂ ಬಲ ಹೆಗಲ ಮೇಲೇ ಸೆರಗು ಹೊದ್ದವಳು. ಕಡೆಗೆ ಉತ್ತರ ಕೊಟ್ಟದ್ದು ಹಲಗಿ ಮೇಳ. ಐದನೆಯ ಗಾಜಿನಲ್ಲಿ ಏಳು ಜನ ಹಲಗಿ ಹಿಡಿದು ನಿಂತಿದ್ದಾರೆ, ಏಳೂ ಜನ ದೊಡ್ಡ ಕೋಲನ್ನು ಎಡಗೈಯಲ್ಲಿ ಹಿಡಿದಿದ್ದರು. ಒಂದು ಮೇಳದ ಏಳಕ್ಕೆ ಏಳೂ ಜನ ಎಡಚರಾಗಿರಲಾರರು. ಚಿತ್ರವನ್ನು ತಿರುಗಿಸಿದಾಗ ಕೋಲುಗಳು ಬಲಗೈಗೆ ಬಂದವು, ಸೆರಗುಗಳು ಬಲ ಹೆಗಲಿಗೆ ಬಂದವು.

ಇದೇ ಐದನೆಯ ಗಾಜಿನ ಬಗ್ಗೆ ಇನ್ನೊಂದು ಮಾತು ಹೇಳಬೇಕು. ದೊಡ್ಡದು ಮಾಡಿ ನೋಡಿದಾಗ, ತುದಿಯಲ್ಲಿ ನಿಂತವನು ಕಾಗದದ ಮುದ್ದೆಯಿಂದ ಮಾಡಿದ ಮುಖವಾಡವನ್ನು ಹಣೆಯ ಮೇಲಕ್ಕೆ ಸರಿಸಿಕೊಂಡಿದ್ದಾನೆ. ಅದರ ದಾರದ ಗಂಟು ಕಿವಿಯ ಹಿಂದೆ ಕಾಣುತ್ತದೆ, ಗಂಟಿನ ಕೆಳಗೆ ಚರ್ಮ ಒತ್ತಿ ಕೆಂಪಾದ ಗೆರೆಯೊಂದು ಕಪ್ಪಾಗಿ ಮೂಡಿದೆ. ಮುಖವಾಡದ ಕಣ್ಣಿನ ತೂತುಗಳು ಒಂದೇ ಅಳತೆಯಲ್ಲಿಲ್ಲ, ಬಲಗಣ್ಣಿನದನ್ನು ಆಮೇಲೆ ಚೂರಿಯಿಂದ ಅಗಲ ಮಾಡಿದ್ದಾರೆ, ಕಾಗದದ ಪದರಗಳು ಎದ್ದು ಕಾಣುತ್ತವೆ. ಅವನ ಪಕ್ಕದ ದ್ರೌಪದಿಯ ಮೂಗಿಗೆ ನತ್ತು, ಕೊರಳಿಗೆ ಸರ, ಎಡ ಮುಂಗೈಗೆ ಚರ್ಮದ ಪಟ್ಟಿಯ ಗಡಿಯಾರ. ರಾತ್ರಿಯಿಡೀ ಬಂಡಿಯ ಮೇಲೆ ನಿಂತು ಬೆವರಿದ ಬಣ್ಣ ಕಪೋಲದ ಮೇಲೆ ಎರಡು ಸಾಲಾಗಿ ಇಳಿದಿದೆ. ಆ ಸಾಲುಗಳನ್ನು ಕಲೆ ಎಂದು ಭಾವಿಸಿ ಅಳಿಸದೆ ಬಿಟ್ಟದ್ದಕ್ಕೆ ನನಗೆ ಸಮಾಧಾನವಿದೆ, ಏಕೆಂದರೆ ಮುಂದಿನ ಹಂತದಲ್ಲಿ ಅಂಥದ್ದನ್ನೇ ಅಳಿಸಿದ್ದೇನೆ.

ಹಂತ 4. ಮಾರ್ಚ್ 10 ರಿಂದ 23: ಏಳನೆಯ ಗಾಜು

ಹೋಳಿ ಮಾರ್ಚ್ 14ಕ್ಕೆ ಇತ್ತು. ಹಬ್ಬಕ್ಕೆ ಅತ್ತೆಗೆ ಒಂದು ಚಿತ್ರವನ್ನಾದರೂ ಕಟ್ಟು ಹಾಕಿಸಿ ಕೊಡಬೇಕೆಂಬ ಹಂಬಲದಲ್ಲಿ ಏಳನೆಯ ಗಾಜನ್ನು ಆರಿಸಿಕೊಂಡೆ. ಸ್ಟುಡಿಯೋದ ಪರದೆಯ ಮುಂದೆ ಒಬ್ಬನೇ ನಿಂತ ದೊಡ್ಡ ಆಳು, ತಲೆಗೆ ಕಿರೀಟ, ಕೊರಳಿಗೆ ಹಾರ, ಮುಖವೂ ಮೈಯೂ ಇದ್ದಿಲಿನಂತೆ ಕಪ್ಪು. ಪಟ್ಟಿಯಲ್ಲಿ ‘ರಾಕ್ಷಸ ವೇಷ’ ಎಂದು ಬರೆದುಕೊಂಡೆ. ಬೆಳಕು ಸಾಲದೆ ಮುಖ ಮುಳುಗಿದೆ ಎಂದು ಭಾವಿಸಿ, ಗಿಂಪ್ ತಂತ್ರಾಂಶದಲ್ಲಿ ಮುಖ ಮತ್ತು ತೋಳುಗಳನ್ನು ಎರಡು ರಾತ್ರಿ ಕೂತು ತಿಳಿಗೊಳಿಸಿದೆ. ಬಲ ಭುಜದ ಹಿಂದಿನಿಂದ ಎದ್ದು ತಲೆಯ ಮೇಲಕ್ಕೆ ಬಾಗಿದ ಒಂದು ದಪ್ಪ ಕಪ್ಪು ಗೆರೆ ಪರದೆಯ ಮೇಲೆ ಎದ್ದು ಕಾಣುತ್ತಿತ್ತು. ಎಮಲ್ಷನ್ ಕೆರೆದುಹೋದಲ್ಲಿ ಪ್ರಿಂಟಿನಲ್ಲಿ ಕಪ್ಪು ಗೆರೆ ಮೂಡುತ್ತದೆ ಎಂಬುದು ತಂದೆ ಕಲಿಸಿದ ಪಾಠ, ಅದರಂತೆ ಇದೂ ಕೆರೆತವೇ ಎಂದು ತೀರ್ಮಾನಿಸಿ ಪಕ್ಕದ ಪರದೆಯ ತುಣುಕುಗಳನ್ನು ಮೇಲೆ ಹೊದಿಸಿ ಪೂರ್ತಿ ಅಳಿಸಿದೆ. 12×18 ಇಂಚಿನ ಪ್ರಿಂಟಿಗೆ 180 ರೂಪಾಯಿ ಕೊಟ್ಟು, ಕಟ್ಟು ಹಾಕಿಸಿದೆ.

ಮಾರ್ಚ್ 16ರಂದು, ಬಣ್ಣದಾಟದ ಗದ್ದಲ ಇನ್ನೂ ಮುಗಿದಿರಲಿಲ್ಲ, ಅತ್ತೆಯ ಓಣಿಯ ಎಂಬತ್ತಾರು ವರ್ಷದ ಹಿರಿಯರೊಬ್ಬರಿಗೆ ಅದನ್ನು ತೋರಿಸಿದೆ. ಚಿಕ್ಕವರಿದ್ದಾಗ ಸೋಗಿನ ಬಂಡಿಯ ಮೇಲೆ ಕೂತವರು ಅವರು. ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ ಕೇಳಿದರು: ‘ಹಣಮಪ್ಪನ ಬಾಲ ಎಲ್ಲಿ ಹೋತೋ ತಮ್ಮಾ?’ ರಾಕ್ಷಸನಲ್ಲವೇ ಎಂದು ನಾನು ಕೇಳಿದ್ದಕ್ಕೆ, ‘ಅದು ಕರಿ ಮಾರಿ (ಮುಖ) ಅಲ್ಲ. ಮೈತುಂಬ ಶೆಂದೂರ ಬಡಕೊಂಡು ನಿಂತಿದ್ದ. ಬಾಲಕ್ಕ ತಂತಿ ಹಾಕಿ ಕೆಂಪು ಅರಿವಿ ಸುತ್ತಿದ್ರು. ಬಂಡಿ ರಾತ್ರಿ ಹೊಂಡತಿತ್ತು, ಆಗ ಫೋಟೋ ಎಲ್ಲಿ ಬರತಾವ, ಮುಂಜಾನೆ ಹಂಗ ಸ್ಟುಡಿಯೋಕ್ಕ ಹೋಗಿದ್ರು’ ಎಂದರು. ನಾನು ಕೆರೆತವೆಂದು ಅಳಿಸಿದ್ದು ಆ ಬಾಲ.

ಮನೆಗೆ ಬಂದು ಪರೀಕ್ಷೆ ಮಾಡಿದೆ. ಬಿಳಿ ಕಾರ್ಡಿನ ಮೇಲೆ ಕುಂಕುಮ, ಎಣ್ಣೆಯಲ್ಲಿ ಕಲಸಿದ ಶೆಂದೂರ, ಅರಿಸಿನ, ಬಟ್ಟೆಗೆ ಹಾಕುವ ನೀಲಿ, ದೀಪದ ಕಾಡಿಗೆ ಎಂದು ಐದು ಪಟ್ಟಿ ಬಳಿದು, ಹಗಲು ಬೆಳಕಿನಲ್ಲಿ ಫೋಟೋ ತೆಗೆದು, ಕಂಪ್ಯೂಟರಿನಲ್ಲಿ ಕೆಂಪು, ಹಸಿರು, ನೀಲಿ ಚಾನೆಲ್‌ಗಳನ್ನು ಬೇರೆ ಮಾಡಿ ನೋಡಿದೆ. ನೀಲಿ ಚಾನೆಲ್ಲಿನಲ್ಲಿ ಕುಂಕುಮ, ಶೆಂದೂರ, ಅರಿಸಿನ ಮೂರೂ ಕಾಡಿಗೆಯಷ್ಟೇ ಕಪ್ಪಾಗಿ, ನೀಲಿ ಪಟ್ಟಿ ಮಾತ್ರ ಕಾರ್ಡಿನ ಬಿಳುಪಿಗೆ ಹತ್ತಿರವಾಗಿ ಬಂತು. ಹಸಿರು ಚಾನೆಲ್ಲಿನಲ್ಲಿ ಅರಿಸಿನ ತಿಳಿಯಾಯಿತು, ಕುಂಕುಮ ಕಪ್ಪಾಗಿಯೇ ಉಳಿಯಿತು. ಹಳೆಯ ಗಾಜಿನ ಪ್ಲೇಟುಗಳಲ್ಲಿ ಸಾದಾ ಬಗೆಯವು ನೀಲಿ ಬೆಳಕಿಗೆ ಮಾತ್ರ, ಆರ್ಥೊಕ್ರೊಮ್ಯಾಟಿಕ್ ಬಗೆಯವು ನೀಲಿ ಮತ್ತು ಹಸಿರಿಗೆ ಸ್ಪಂದಿಸುತ್ತವೆ, ಕೆಂಪು ಎರಡಕ್ಕೂ ಕಾಣುವುದಿಲ್ಲ. ಡಾರ್ಕ್‌ರೂಮಿನಲ್ಲಿ ಕೆಂಪು ದೀಪ ಹಚ್ಚಿಕೊಂಡು ಅವುಗಳನ್ನು ತೊಳೆಯಲು ಆಗುತ್ತಿದ್ದುದು ಇದೇ ಕಾರಣಕ್ಕೆ. ಆ ದೀಪದ ಕೆಳಗೆ ನಾನೇ ಕೈಯಾಡಿಸಿದವನು, ಆದರೂ ಹಣಮಪ್ಪನ ಮುಖ ನೋಡುವಾಗ ಇದು ಹೊಳೆಯಲಿಲ್ಲ.

ಈ ಕಾರ್ಡನ್ನು ಪಕ್ಕದಲ್ಲಿಟ್ಟುಕೊಂಡು ಒಂಬತ್ತೂ ಗಾಜುಗಳನ್ನು ಮತ್ತೆ ನೋಡಿದೆ. ಮೂರನೆಯ ಗಾಜಿನಲ್ಲಿ ಕೊಳಲು ಹಿಡಿದು ಕಾಲು ಅಡ್ಡವಿಟ್ಟು ನಿಂತ ಹುಡುಗನ ಮುಖ ಸುಣ್ಣ ಬಳಿದಂತೆ ಬೆಳ್ಳಗಿದೆ. ಕೃಷ್ಣನಿಗೆ ಬಿಳಿ ಬಣ್ಣ ಏಕೆ ಬಳಿದರು ಎಂದು ನಾನು ಪಟ್ಟಿಯಲ್ಲಿ ಪ್ರಶ್ನೆ ಹಾಕಿಕೊಂಡಿದ್ದೆ. ಬಳಿದದ್ದು ನೀಲಿಯೇ, ಗಾಜು ಅದನ್ನು ಬಿಳಿಯಾಗಿ ಹಿಡಿದಿದೆ. ಎಂಟನೆಯದರಲ್ಲಿ ಓಕುಳಿಯಾಡಿದವರ ಬಿಳಿ ಅಂಗಿಗಳ ಮೇಲೆ ಕೊಳಕಿನಂತೆ ಕಾಣುವ ಕಪ್ಪು ಮಚ್ಚೆಗಳಿವೆ. ಅವುಗಳನ್ನು ಈಗ ಯಾರೂ ಕಲೆ ಎನ್ನಬಾರದು.

ಚಿತ್ರಗಳಿಗೆ ತಾನೇ ಬಣ್ಣ ತುಂಬುವ ಮೊಬೈಲ್ ಆ್ಯಪ್ ಒಂದನ್ನೂ ಒಮ್ಮೆ ಪ್ರಯತ್ನಿಸಿದೆ. ಅದು ಹಣಮಪ್ಪನಿಗೆ ಕಂದು ಮೈ, ಕೃಷ್ಣನಿಗೆ ಗೋಧಿ ಬಣ್ಣದ ಮುಖ ಕೊಟ್ಟಿತು. ನೋಡಲು ನಿಜದ ಫೋಟೋದಂತೆಯೇ ಇದ್ದುದರಿಂದ ನನಗೆ ಭಯವಾಯಿತು, ಇಂಥದ್ದು ಕುಟುಂಬದ ವಾಟ್ಸ್ಆ್ಯಪ್ ಗುಂಪಿನಲ್ಲಿ ಒಮ್ಮೆ ಹೋದರೆ ಮುಂದೆ ಅದೇ ಮೂಲವಾಗಿಬಿಡುತ್ತದೆ. ಎರಡನ್ನೂ ಅಳಿಸಿದೆ. ಒರೆಸುವ ಮುನ್ನ ತೆಗೆದಿಟ್ಟ ನಕಲು ಹಾಗೆಯೇ ಇತ್ತಾದ್ದರಿಂದ ಏಳನೆಯ ಚಿತ್ರವನ್ನು ಅದರಿಂದ ಮತ್ತೆ ಸಿದ್ಧಪಡಿಸಿ, ಮುಖ ಕಪ್ಪಾಗಿಯೇ, ಬಾಲ ಇದ್ದಂತೆಯೇ, ಇನ್ನೊಂದು 180 ರೂಪಾಯಿ ಕೊಟ್ಟು ಪ್ರಿಂಟ್ ಹಾಕಿಸಿದೆ. ಕಟ್ಟಿನ ಹಿಂದೆ ‘ಹಣಮಪ್ಪನ ಸೋಗು, ಮೈಗೆ ಶೆಂದೂರ’ ಎಂದು ಬರೆದಿದ್ದೇನೆ. ಹಳೆಯ ಪ್ರಿಂಟನ್ನು ಅತ್ತೆಯ ಮನೆಯಿಂದ ವಾಪಸು ತಂದೆ.

ಹಂತ 5. ಏಪ್ರಿಲ್ 12 ಮತ್ತು 19: ಅಂಟಿಕೊಂಡ ಪ್ರಿಂಟುಗಳು

ಜೆಲಾಟಿನ್ ಪ್ರಿಂಟುಗಳು ಒಂದಕ್ಕೊಂದು ಅಂಟಿದಾಗ ಒಣಗಿದ್ದಂತೆ ಕೀಳಬಾರದು, ತಣ್ಣೀರಿನಲ್ಲಿ ನೆನೆಸಿ ತಾವಾಗಿ ಬಿಡುವಂತೆ ಮಾಡಬೇಕು ಎಂಬುದು ನನಗೆ ಗೊತ್ತಿತ್ತು. ತಣ್ಣೀರು ಎಂದರೆ ಎಷ್ಟು ತಣ್ಣಗಿರಬೇಕು ಎಂಬುದನ್ನು ಮಾತ್ರ ಯೋಚಿಸಲಿಲ್ಲ. ಏಪ್ರಿಲ್ 12ರ ಮಧ್ಯಾಹ್ನ ಮೇಲಿನ ಟ್ಯಾಂಕಿನ ನಲ್ಲಿಯಿಂದ ಟ್ರೇ ತುಂಬಿಸಿ, ಮೊದಲ ಹಲಗೆಯನ್ನು ಬಿಟ್ಟೆ. ಇಪ್ಪತ್ತು ನಿಮಿಷಕ್ಕೆ ಮೂರೂ ಪ್ರಿಂಟು ಸಲೀಸಾಗಿ ಬಿಟ್ಟಾಗ ಸಂತೋಷಪಟ್ಟೆ. ಎತ್ತುವಾಗ ನಡುವಿನ ಪ್ರಿಂಟಿನ ಎಮಲ್ಷನ್ ಒಂದು ಅಂಚಿನುದ್ದಕ್ಕೂ ಸೀರೆಯ ನೆರಿಗೆಯಂತೆ ಸುಕ್ಕುಗಟ್ಟಿ, ಕಾಗದವನ್ನು ಬಿಟ್ಟು ತೇಲುತ್ತಿತ್ತು. ಆಮೇಲೆ ಥರ್ಮಾಮೀಟರ್ ಅದ್ದಿದೆ: 36 ಡಿಗ್ರಿ. ಆ ಬಿಸಿಗೆ ಹಳೆಯ ಜೆಲಾಟಿನ್ ಮೆತ್ತಗಾಗಿ ಕಾಗದದ ಹಿಡಿತ ಬಿಡುತ್ತದೆ. ಬೆರಳಿನಿಂದ ಅಂಚನ್ನು ಹಿಂದಕ್ಕೆ ಕೂರಿಸಲು ಹೋದೆ, ಎರಡು ಸೆಂ.ಮೀ. ಉದ್ದದ ತುಣುಕು ಹರಿದು ನೀರಿಗೆ ಸೇರಿತು. ಅದರಲ್ಲಿ ಬಂಡಿಯ ಎತ್ತಿನ ಕೊಂಬಿಗೆ ಕಟ್ಟಿದ್ದ ಗೊಂಡೆ ಇತ್ತು. ನೆನೆಸುವ ಮುನ್ನ ಪೂರ್ತಿ ಹಲಗೆಯ ಮೇಲಿನ ಚಿತ್ರವನ್ನು ಮಾತ್ರ ನಕಲು ತೆಗೆಯಲು ಸಾಧ್ಯವಾಗಿತ್ತು, ನಡುವಿನದಕ್ಕೆ ನಕಲು ಇರಲಿಲ್ಲ. ಆ ಗೊಂಡೆ ಇನ್ನೆಲ್ಲೂ ಇಲ್ಲ.

ಎರಡನೆಯ ಹಲಗೆಗೆ ಒಂದು ವಾರ ಬಿಟ್ಟು, ಬೆಳಗಿನ ಐದು ಗಂಟೆಗೆ ಕೂತೆ. 20 ಲೀಟರ್ ಡಿಸ್ಟಿಲ್ಡ್ ನೀರು 300 ರೂಪಾಯಿ. ಪ್ರಿಂಟಿನ ಟ್ರೇಯನ್ನು ಇನ್ನೊಂದು ಅಗಲವಾದ ಪರಾತದಲ್ಲಿಟ್ಟು, ಪರಾತಕ್ಕೆ ಮಂಜುಗಡ್ಡೆ ತುಂಬಿಸಿದೆ. ಮಂಜುಗಡ್ಡೆಯನ್ನು ನೇರವಾಗಿ ಟ್ರೇಗೆ ಹಾಕಿದರೆ ಅದರ ಚೂಪು ಎಮಲ್ಷನ್ನಿಗೆ ತಾಗುತ್ತದೆ. ನೀರನ್ನು 18 ರಿಂದ 20 ಡಿಗ್ರಿಯ ನಡುವೆ ಹಿಡಿದಿಟ್ಟು ಐವತ್ತು ನಿಮಿಷ ಕಾದೆ, ಕೈ ಹಾಕಲಿಲ್ಲ. ಮೇಲಿನ ಪ್ರಿಂಟು ತಾನಾಗಿ ಒಂದು ಬದಿಗೆ ಜಾರಿತು, ಉಳಿದೆರಡು ಅದಾದ ಹತ್ತು ನಿಮಿಷಕ್ಕೆ. ಪಾಲಿಯೆಸ್ಟರ್ ಹಾಳೆಯ ತುಂಡೊಂದನ್ನು ಕೆಳಗೆ ತೂರಿಸಿ, ಅದರ ಮೇಲೆ ಮಲಗಿಸಿಯೇ ಎತ್ತಿ, ಸೊಳ್ಳೆ ಪರದೆಯ ನೈಲಾನ್ ಜಾಳಿಗೆಯ ಮೇಲೆ ಚಿತ್ರ ಮೇಲ್ಮುಖವಾಗಿ ಒಣಹಾಕಿದೆ. ಮೊದಲ ಸಲ ಫ್ಯಾನಿನ ಗಾಳಿಗೆ ಒಣಗಿಸಿದವು ಕೊಳವೆಯಂತೆ ಸುತ್ತಿಕೊಂಡಿದ್ದವು, ಈ ಸಲ ಫ್ಯಾನ್ ಹಚ್ಚಲಿಲ್ಲ. ಸ್ವಲ್ಪ ಹಸಿ ಇರುವಾಗಲೇ 240 ರೂಪಾಯಿಯ ಬ್ಲಾಟಿಂಗ್ ಹಾಳೆಗಳ ನಡುವೆ ಇಟ್ಟು, ಅಂಟದಂತೆ ನಡುವೆ ಸಿಲಿಕೋನ್ ಹಚ್ಚಿದ ಬೇಕಿಂಗ್ ಕಾಗದ ಕೊಟ್ಟು, ಮೇಲೆ ನಾಲ್ಕು ಕೆ.ಜಿ. ಭಾರ ಹೇರಿದೆ. ಮೂರು ದಿನ ದಿನಕ್ಕೊಮ್ಮೆ ಬ್ಲಾಟಿಂಗ್ ಬದಲಿಸಿದೆ. ಮೂರೂ ಸಪಾಟಾಗಿ ಬಂದಿವೆ. ಒಂದರಲ್ಲಿ ಹುಲಿವೇಷದ ಹುಡುಗನ ಬೆನ್ನಿನ ಪಟ್ಟೆಗಳನ್ನು ಬಳಿಯುತ್ತಿರುವವನ ಕುಂಚ ಕೂಡ ಕಾಣುತ್ತದೆ.

ಕೈಬಣ್ಣದ ಪ್ರಿಂಟನ್ನು ನೀರಿಗೆ ಬಿಡಲಿಲ್ಲ. ಕಟ್ಟಿನ ಕೆಳಗೆ ಮರೆಯಾಗುವ ಮೂಲೆಯಲ್ಲಿ ಒದ್ದೆ ಹತ್ತಿಯ ತುದಿ ತಾಗಿಸಿದ್ದಕ್ಕೆ ಗುಲಾಬಿ ಬಣ್ಣ ಹತ್ತಿಗೆ ಬಂದುಬಿಟ್ಟಿತು. ಅಲ್ಲಿಗೇ ನಿಲ್ಲಿಸಿ, ಧೂಳನ್ನಷ್ಟೇ ಕುಂಚದಿಂದ ತೆಗೆದು ಬಿಟ್ಟೆ.

ಹಂತ 6. ಮೇ 11: ಇಡುವ ವ್ಯವಸ್ಥೆ

ಆಮ್ಲರಹಿತ ಕಾಗದವನ್ನು ಬೆಂಗಳೂರಿನಿಂದ ತರಿಸಿದೆ, ಅಂಚೆವೆಚ್ಚ ಸೇರಿ 1,100 ರೂಪಾಯಿ. ಅಂಟು ಬಳಸದೆ ನಾಲ್ಕು ಕಡೆಯಿಂದ ಮಡಚುವ ಲಕೋಟೆಗಳನ್ನು ಮಾಡಿ, ಮೇಲೆ ಪೆನ್ಸಿಲಿನಲ್ಲಿ ಮೊದಲೇ ಅಂಕಿ ಬರೆದು, ಆಮೇಲೆ ಒಳಗೆ ಹಾಕಿದೆ. ಗಾಜುಗಳನ್ನು ಒಂದರ ಮೇಲೊಂದು ಪೇರಿಸದೆ, ಉದ್ದನೆಯ ಅಂಚಿನ ಮೇಲೆ ನೆಟ್ಟಗೆ ನಿಲ್ಲಿಸಿದೆ. ಒಡೆದ ನಾಲ್ಕನೆಯದು ಮಾತ್ರ ಗಟ್ಟಿ ರಟ್ಟಿನ ಮೇಲೆ ಮಲಗಿದೆ. ಪೆಟ್ಟಿಗೆಗಳಿಗೆ 760, ಸಿಲಿಕಾ ಜೆಲ್ ಪೊಟ್ಟಣಗಳಿಗೆ 280. ಪೆಟ್ಟಿಗೆ ಈಗ ನವನಗರದ ಮನೆಯಲ್ಲಿ, ಹೊರಗೋಡೆಗೆ ತಾಗದ ಕಪಾಟಿನ ನಡುವಿನ ಅಂತಸ್ತಿನಲ್ಲಿದೆ. ನಕಲುಗಳ ಟಿಫ್ (ಚಿತ್ರ) ಕಡತಗಳು ಎರಡು ಹಾರ್ಡ್ ಡಿಸ್ಕಿನಲ್ಲಿ, ಒಂದು ಬೆಳಗಾವಿಯಲ್ಲಿರುವ ತಮ್ಮನ ಮನೆಯಲ್ಲಿ. ಇಲ್ಲಿಯವರೆಗಿನ ಖರ್ಚು, ಎರಡು ಪ್ರಿಂಟುಗಳ 360 ಸೇರಿ, ಕಟ್ಟಿನ ಹಣ ಬಿಟ್ಟು, 7,180 ರೂಪಾಯಿ.

ಹಂತ 7. ಜೂನ್ 29: ನಿಂತುಹೋದ ಕೆಲಸ

ಕಟ್ಟು ಹಾಕಿಸಿದ ದೊಡ್ಡ ಪ್ರಿಂಟು 12×15 ಇಂಚಿನದು. ಪೂರ್ತಿ ಸೋಗಿನ ಬಂಡಿ, ಅದರ ಮೇಲೆ ಒಂಬತ್ತು ಜನ, ಹಿಂದೆ ಈಗ ಹಿನ್ನೀರಿನ ಕೆಳಗಿರುವ ಬೀದಿಯ ಮನೆಗಳ ಸಾಲು. ಒಳಗೆ ಅಂತರ ಕೊಡದೆ ಗಾಜಿಗೆ ಒತ್ತಿ ಕಟ್ಟು ಹಾಕಿದ್ದಾರೆ, ತೇವಕ್ಕೆ ಎಮಲ್ಷನ್ ಕರಗಿ ಗಾಜಿಗೆ ಅಂಟಿದೆ. ಅಂಟಿದ ಭಾಗ ಒದ್ದೆಯಾದಂತೆ ಹೊಳೆಯುತ್ತದೆ, ಅಂಟದ ಭಾಗ ಮಂಕಾಗಿದೆ, ಆದ್ದರಿಂದ ಎಲ್ಲೆಲ್ಲಿ ಹಿಡಿದಿದೆ ಎಂದು ಹೊರಗಿನಿಂದಲೇ ಗುರುತಿಸಬಹುದು. ಸುಮಾರು ಮೂರನೇ ಒಂದು ಭಾಗ ಹಿಡಿದಿದೆ, ಅದರಲ್ಲಿ ನಾಲ್ಕು ಜನರ ಮುಖಗಳಿವೆ.

ಇಲ್ಲಿಯವರೆಗೆ ಇಷ್ಟೆಲ್ಲ ಕಲಿತ ಮೇಲೂ ಬಲ ಕೆಳಮೂಲೆಯಲ್ಲಿ ತೆಳುವಾದ ಸ್ಪ್ಯಾಚುಲಾ ತೂರಿಸಿ ನೋಡಿದೆ. ಅರ್ಧ ಸೆಂ.ಮೀ. ಒಳಗೆ ಹೋಗುವಷ್ಟರಲ್ಲಿ ಸಣ್ಣ ಚಟಕ್ಕನೆಯ ಸದ್ದು ಬಂತು. ಬಂಡಿಯ ಗಾಲಿಯ ಪಟ್ಟಿ, ಹೆಬ್ಬೆರಳಿನ ಉಗುರಿನಷ್ಟು, ಕಾಗದವನ್ನು ಬಿಟ್ಟು ಗಾಜಿನ ಮೇಲೆ ಉಳಿಯಿತು. ಕೂಡಲೇ ಸ್ಪ್ಯಾಚುಲಾ ತೆಗೆದೆ. ನೀರಿನಲ್ಲಿ ನೆನೆಸುವ ಉಪಾಯವನ್ನೂ ಯೋಚಿಸಿದ್ದೆ, ಆದರೆ ಬೂಷ್ಟು ಹಿಡಿದ ಜೆಲಾಟಿನ್ ಕೆಲವೆಡೆ ಪುಡಿಯಾಗಿದ್ದು, ನೀರು ಸೋಕಿದರೆ ಆ ಭಾಗ ಕರಗಿ ಹೋಗುತ್ತದೆ. ಹಾಗಾಗಿ ಗಾಜಿನ ಸಮೇತವೇ, ಪೋಲರೈಸರ್ ಹಾಕಿ, ನಾಲ್ಕು ಭಾಗಗಳಾಗಿ ನಕಲು ತೆಗೆದು ಜೋಡಿಸಿದ್ದೇನೆ. ಅಂಟಿದ ಮತ್ತು ಅಂಟದ ಭಾಗಗಳ ನಡುವಿನ ಗಡಿ ಅದರಲ್ಲಿ ನಕ್ಷೆಯ ಗೆರೆಯಂತೆ ಕಾಣುತ್ತದೆ, ಅದನ್ನು ಅಳಿಸಿಲ್ಲ.

ಕಟ್ಟಿನ ಮರ ಮತ್ತು ಹಿಂದಿನ ಹಲಗೆ ತೆಗೆದು, ಗಾಜು ಮತ್ತು ಪ್ರಿಂಟನ್ನು ಒಂದೇ ವಸ್ತುವಾಗಿ ಗಾಜು ಕೆಳಗಾಗಿ ಮಲಗಿಸಿ ಪೆಟ್ಟಿಗೆಯಲ್ಲಿಟ್ಟಿದ್ದೇನೆ. ಮೇಲೆ ಯಾವ ಭಾರವೂ ಇಲ್ಲ. ಕಾಗದದ ಸಂರಕ್ಷಣೆಯ ಕೆಲಸ ಬಲ್ಲವರು ಸಿಗುವವರೆಗೆ ಅದನ್ನು ಬಿಡಿಸುವುದಿಲ್ಲ. ಮೊನ್ನೆ ಅದೇ ಹಿರಿಯರಿಗೆ ಜೋಡಿಸಿದ ನಕಲನ್ನು ತೋರಿಸಿದೆ. ಬಂಡಿಯ ಮೇಲಿನ ಒಂಬತ್ತರಲ್ಲಿ ಆರು ಜನರ ಹೆಸರನ್ನು, ಯಾರಿಗೆ ಯಾವ ಬಣ್ಣ ಬಳಿದಿತ್ತು ಎಂಬುದರ ಸಮೇತ, ಹೇಳಿ ಬರೆಸಿದರು. ಉಳಿದ ಮೂವರು ಮುಖವಾಡ ಕಟ್ಟಿಕೊಂಡಿದ್ದಾರೆ. ಅವರ ಪಾದಗಳನ್ನು ದೊಡ್ಡದು ಮಾಡಿ ಪ್ರಿಂಟ್ ಹಾಕಿಸಿಕೊಂಡು ಬಾ, ಪಾದದಿಂದ ಗುರುತು ಸಿಕ್ಕರೂ ಸಿಕ್ಕೀತು, ಒಬ್ಬನಿಗೆ ಎಡಗಾಲಿನ ಕಿರುಬೆರಳು ಇರಲಿಲ್ಲ ಎಂದಿದ್ದಾರೆ. ಆ ಮೂರು ಪ್ರಿಂಟುಗಳನ್ನು ನಾಳೆ ತರಬೇಕು.